ಅತ್ತೆಯ ಮರೆವಿಗೊಂದು ನೋಟ್‌ಬುಕ್: ಮರೆಗುಳಿ ಕಾಯಿಲೆಯ ತಪಾಸಣೆಯಲ್ಲಿ ಮನೆಯವರ ಕೆಲಸ

ನಮ್ಮತ್ತೆ 33 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ಮೊದಲ ಸಲ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಡಾಕ್ಟರು ತಾರೀಖು ಕೇಳಿದರು, ವಾರ ಕೇಳಿದರು, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಅತ್ತೆ 93, 86, 79 ಎಂದು ಮಗ್ಗಿ ಒಪ್ಪಿಸಿದ ಹಾಗೆ ಹೇಳಿಬಿಟ್ಟರು. "ಏನೂ ಇಲ್ಲಮ್ಮ, ವಯಸ್ಸಿನ ಮರೆವು" ಎಂದು ಡಾಕ್ಟರು ಹತ್ತೇ ನಿಮಿಷದಲ್ಲಿ ಕಳಿಸಿಕೊಟ್ಟರು. ಅದೇ ವಾರ ಅತ್ತೆ ಹುಳಿಗೆ ಎರಡು ಸಲ ಉಪ್ಪು ಹಾಕಿದ್ದರು. ಹಾಲಿನವನಿಗೆ ಒಂದೇ ತಿಂಗಳ ದುಡ್ಡನ್ನು ಮೂರು ಸಲ ಕೊಟ್ಟಿದ್ದರು. ನಾನು ಅದನ್ನು ಹೇಳಲಿಲ್ಲ. ಅವರ ಮುಂದೆಯೇ ಹೇಗೆ ಹೇಳಲಿ ಅಂತ ಸುಮ್ಮನಿದ್ದೆ.

ಬೇರೆ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಈ ಸಲ ನನ್ನ ಕೈಯಲ್ಲಿ ಮಗನ ಹಳೆಯ ರಫ್ ನೋಟ್‌ಬುಕ್ ಇತ್ತು. ನಾಲ್ಕು ಪುಟ ಓದಿದ ಮೇಲೆ ಈ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ತಾರೀಖಿನದ್ದಲ್ಲ. "ಹಾಲಿನವನ ಲೆಕ್ಕ ತಪ್ಪೋಕೆ ಶುರುವಾಗಿದ್ದು ಯಾವಾಗ?" ಎಂದರು. ತಪಾಸಣೆ ಅಲ್ಲಿಂದ ಶುರುವಾಯಿತು.

ಆ ನೋಟ್‌ಬುಕ್ ಹೇಗಿರಬೇಕು, ಅದರ ಜೊತೆಗೆ ಮನೆಯವರು ಇನ್ನೇನು ಮಾಡಬೇಕು, ಏನು ಮಾಡಲೇಬಾರದು ಎಂದು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವ ಸೊಸೆ.

ತಪಾಸಣೆ ಎಂದರೆ ಜರಡಿ

ಸ್ಕ್ರೀನಿಂಗ್ ಎನ್ನುವುದನ್ನು ರಾಗಿ ಜರಡಿ ಹಿಡಿದ ಹಾಗೆ ಎಂದುಕೊಳ್ಳಿ. ಮೇಲೆ ಉಳಿದದ್ದು ಕಲ್ಲೋ, ಹೊಟ್ಟೋ, ಕಟ್ಟಿಕೊಂಡ ಹಿಟ್ಟೋ ಅಂತ ಜರಡಿ ಹೇಳುವುದಿಲ್ಲ. ಏನೋ ಉಳಿದಿದೆ, ಕೈಯಲ್ಲಿ ತೆಗೆದು ನೋಡು ಎಂದಷ್ಟೇ ಹೇಳುತ್ತದೆ. ಮನೆಯವರ ಕೆಲಸವೂ ಅಷ್ಟೇ. "ನಮ್ಮಪ್ಪನಿಗೆ ಆಲ್ಝೈಮರ್ ಇದೆ" ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ (ಆಲ್ಝೈಮರ್ ಮರೆಗುಳಿ ಕಾಯಿಲೆಯ ಒಂದು ಬಗೆ). "ಏನೋ ಬದಲಾಗಿದೆ, ನೋಡಿ" ಎಂದು ಸರಿಯಾದ ಜಾಗಕ್ಕೆ ಮುಟ್ಟಿಸುವುದು ನಮ್ಮ ಕೆಲಸ.

ಇದರಲ್ಲಿ ಮನೆಯವರು ಯಾಕೆ ಬೇಕು? ಆಸ್ಪತ್ರೆಯ ಪರೀಕ್ಷೆಗಳಿಗೆ ಓದು ಬರಹದ ಹಂಗು ಜಾಸ್ತಿ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಗಡಿಯಾರ ಬರೆಯಿರಿ ಎಂದರೆ ಪೆನ್ಸಿಲ್ ಹಿಡಿಯುವುದೇ ಕಷ್ಟ. ಕಾಯಿಲೆ ಇಲ್ಲದಿದ್ದರೂ ಫೇಲಾಗುತ್ತಾರೆ. ನಮ್ಮತ್ತೆಯಂಥವರು ಕಾಯಿಲೆ ಇದ್ದರೂ ಪಾಸಾಗುತ್ತಾರೆ. ಮನೆಯವರು ಮಾಡುವ ಹೋಲಿಕೆ ಬೇರೆ ಥರದ್ದು. ಇವತ್ತಿನ ಅಮ್ಮನನ್ನು ನಾವು ಹೋಲಿಸುವುದು ಐದು, ಹತ್ತು ವರ್ಷದ ಹಿಂದಿನ ಅದೇ ಅಮ್ಮನ ಜೊತೆಗೆ. ಆ ಹಳೆಯ ಅಮ್ಮ ಹೇಗಿದ್ದರು ಎಂಬುದು ಡಾಕ್ಟರಿಗೆ ಎಲ್ಲಿಂದ ಗೊತ್ತಾಗಬೇಕು?

ವೈದ್ಯಲೋಕ ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಆಸ್ಟ್ರೇಲಿಯಾದ ಸಂಶೋಧಕ ಆಂಥನಿ ಜಾರ್ಮ್ 1989ರಲ್ಲೇ, ಹತ್ತು ವರ್ಷದ ಹಿಂದಿಗೂ ಈಗಿಗೂ ಏನು ವ್ಯತ್ಯಾಸ ಎಂದು ಮನೆಯವರನ್ನು ಕೇಳುವ ಪ್ರಶ್ನಾವಳಿಯೊಂದನ್ನು ಮುಂದಿಟ್ಟರು. ಐಕ್ಯೂಕೋಡ್ ಎನ್ನುವ ಆ ಪ್ರಶ್ನಾವಳಿ ಇವತ್ತಿಗೂ ಬಳಕೆಯಲ್ಲಿದೆ. ಇದರಲ್ಲಿ ಹಿರಿಯರಿಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಇದು ಅಪರೂಪದ ಕಾಯಿಲೆ ಅಲ್ಲ ಎಂಬುದಕ್ಕೆ ಒಂದು ಲೆಕ್ಕ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ಹಿರಿಯರ ಅಧ್ಯಯನ ಅಂದಾಜು ಮಾಡಿತು. ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಇಷ್ಟಿದ್ದೂ ನಮ್ಮಲ್ಲಿ "ಅರವತ್ತಕ್ಕೆ ಅರಳು ಮರಳು" ಎಂದು ಮಾತು ಮುಗಿಸುತ್ತೇವೆ. ಆ ಗಾದೆ ಎಷ್ಟು ಜನರ ಚಿಕಿತ್ಸೆಯನ್ನು ತಡ ಮಾಡಿದೆಯೋ!

ಮೊದಲ ಪ್ರಶ್ನೆ: ದಿಢೀರ್ ಆಯ್ತಾ, ನಿಧಾನಕ್ಕೆ ಆಯ್ತಾ?

ನೋಟ್‌ಬುಕ್ ತೆರೆಯುವ ಮೊದಲು ಇದನ್ನು ಕೇಳಿಕೊಳ್ಳಿ. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ನಿನ್ನೆ ಚೆನ್ನಾಗಿದ್ದ ಅಜ್ಜ ಇವತ್ತು ಗೊಂದಲದಲ್ಲಿದ್ದಾರೆ, ಏನೇನೋ ಮಾತಾಡುತ್ತಾರೆ, ಒಮ್ಮೆ ತೂಕಡಿಸಿ ಇನ್ನೊಮ್ಮೆ ಕೂಗಾಡುತ್ತಾರೆ ಎಂದರೆ ಅದು ಬಹುಪಾಲು ಡಿಲಿರಿಯಂ, ಅಂದರೆ ದಿಢೀರ್ ಬರುವ ಗೊಂದಲ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿಯುವುದು, ಶುಗರ್ ಏರುಪೇರು, ಹೊಸ ಮಾತ್ರೆ, ಯಾವುದು ಬೇಕಾದರೂ ಕಾರಣ ಆಗಬಹುದು. ಬರೆದಿಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಲಕ್ವಾದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸುಮಾರು ನಾಲ್ಕೂವರೆ ಗಂಟೆ ಮಾತ್ರ.

ಮನೆಯಲ್ಲಿ ಬಿದ್ದಿದ್ದರಾ ಎಂದೂ ಕೇಳಿ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು ಬಿದ್ದಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ಕೆಲವು ವಾರ ಕಳೆದ ಮೇಲೆ ಮಂಕುತನ, ತಲೆನೋವು, ನಡಿಗೆಯಲ್ಲಿ ವಾಲಾಟ ಶುರುವಾಗುತ್ತದೆ. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರಿದ್ದರೆ ಹೀಗಾಗುತ್ತದೆ. ಸ್ಕ್ಯಾನ್‌ನಲ್ಲಿ ಸಿಗುತ್ತದೆ, ಚಿಕಿತ್ಸೆಯೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇದರ ಅಪಾಯ ಹೆಚ್ಚು.

ಯಾರು ಗಮನಿಸಬೇಕು?

ಜೊತೆಗಿರುವವರೇ, ಇನ್ಯಾರು ಎನ್ನಬಹುದು. ಅಷ್ಟು ಸುಲಭ ಅಲ್ಲ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ನಮ್ಮನೆಯಲ್ಲಿ ಮೊದಲು ಹೇಳಿದ್ದು ವರ್ಷಕ್ಕೊಮ್ಮೆ ಮೆಲ್ಬರ್ನ್‌ನಿಂದ ಬರುವ ನಾದಿನಿ. "ಅಮ್ಮ ಕಳೆದ ವರ್ಷ ಹೀಗಿರಲಿಲ್ಲ ಅಲ್ವಾ ಅತ್ತಿಗೆ?" ಎಂದಳು. ನನಗೆ ಸಿಟ್ಟೇ ಬಂತು. ಬಂದು ಎರಡು ದಿನ ಆಗಿಲ್ಲ, ಇವಳೇನು ಹೇಳುವುದು ಅಂತ. ಆಮೇಲೆ ಯೋಚಿಸಿದರೆ ಅವಳು ಹೇಳಿದ್ದೇ ಸರಿ.

ಆದರೆ ದೂರದಲ್ಲಿ ಇರುವವರಿಗೆ ಇನ್ನೊಂದು ಕುರುಡು ಇದೆ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. "ಊಟ ಆಯ್ತಾ?" "ಆಯ್ತಪ್ಪ." "ಮಳೆ ಬಂತಾ?" "ಬಂತು, ನಿಮ್ಮಲ್ಲಿ?" ಇಂಥ ಮಾತು ನಾಲಿಗೆಗೆ ಅಭ್ಯಾಸವಾಗಿರುತ್ತದೆ, ಕಾಯಿಲೆ ಎಷ್ಟೋ ಮುಂದುವರಿದರೂ ಉಳಿಯುತ್ತದೆ. ದೂರದ ಮಕ್ಕಳು "ನನ್ನ ಹತ್ತಿರ ಚೆನ್ನಾಗೇ ಮಾತಾಡ್ತಾರಲ್ಲ" ಎಂದು ಮನೆಯಲ್ಲಿ ಇರುವವರ ಮಾತನ್ನು ತಳ್ಳಿಹಾಕಬೇಡಿ. ಬೇಕಿದ್ದರೆ ವಿವರ ಇರುವ ಪ್ರಶ್ನೆ ಕೇಳಿ. ನಿನ್ನೆ ಮನೆಗೆ ಯಾರು ಬಂದಿದ್ದರು? ಏನು ಪಲ್ಯ ಮಾಡಿದ್ದರು? ಎರಡು ಸಲ "ಅದೇ, ಏನೋ ಒಂದು" ಎಂದು ಜಾರಿದರೆ ಅಲ್ಲಿಗೇ ಬಿಡಿ, ಕೆದಕಬೇಡಿ. ಮನೆಯಲ್ಲಿ ಇರುವವರಿಗೆ ಫೋನ್ ಮಾಡಿ ತಿಳಿಸಿ.

ನಮ್ಮ ಕೂಡು ಮನೆಗಳಲ್ಲಿ ಕಾಯಿಲೆ ಬಚ್ಚಿಟ್ಟುಕೊಳ್ಳಲು ಜಾಗವೂ ಜಾಸ್ತಿ. ಅತ್ತೆ ಸಾರಿಗೆ ಎರಡು ಸಲ ಹುಣಸೆಹಣ್ಣು ಹಾಕಿದರೆ ಸೊಸೆ ಸೌಟು ಕೈಗೆ ತಗೊಳ್ಳುತ್ತಾಳೆ. ಮಾವ ಪೆನ್ಷನ್ ಲೆಕ್ಕ ತಪ್ಪಿದರೆ ಮಗ ಪಾಸ್‌ಬುಕ್ ಇಟ್ಟುಕೊಳ್ಳುತ್ತಾನೆ. "ಅವರಿಗೂ ವಯಸ್ಸಾಯ್ತು, ಆರಾಮಾಗಿ ಇರಲಿ" ಎನ್ನುತ್ತೇವೆ. ಒಂದೊಂದೇ ಕೆಲಸ ಕೈಬಿಟ್ಟದ್ದು ಪ್ರೀತಿಯಿಂದಲೋ, ಅವರಿಗೆ ಆಗದೆಯೋ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ "ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ದಿಢೀರಂತ ಮರೆವು ಬಂತು" ಎನ್ನುತ್ತಾರೆ. ದುಃಖದಿಂದಲೂ ಮರೆವು ಬರುತ್ತದೆ, ನಿಜ. ಆದರೆ ಎಷ್ಟೋ ಸಲ ಅಪ್ಪನ ಮರೆವನ್ನು ಮುಚ್ಚಿಟ್ಟಿದ್ದೇ ಅಮ್ಮ. ಅವರಿದ್ದಾಗ ಮಾತ್ರೆ ಕೊಟ್ಟಿದ್ದು, ಬಟ್ಟೆ ಎತ್ತಿಟ್ಟಿದ್ದು, ಹೆಸರು ನೆನಪಿಸಿದ್ದು ಎಲ್ಲ ಅವರೇ.

ಆದ್ದರಿಂದ ಒಬ್ಬರ ಮಾತನ್ನೇ ನಂಬಬೇಡಿ. ಗಂಡ ಅಥವಾ ಹೆಂಡತಿ ಕಡಿಮೆ ಮಾಡಿ ಹೇಳುತ್ತಾರೆ. ನೋಡಿಕೊಂಡು ದಣಿದ ಸೊಸೆಗೆ ಎಲ್ಲವೂ ದೊಡ್ಡದಾಗಿ ಕಾಣಬಹುದು (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ). ಮನೆಗೆಲಸದವರನ್ನು ಕೇಳಿ, ಪಕ್ಕದ ಮನೆಯವರನ್ನು ಕೇಳಿ, ಹಾಲಿನವನನ್ನೂ ಕೇಳಿ. ಮೂರು ಕಡೆಯಿಂದ ಒಂದೇ ಮಾತು ಬಂದರೆ ಅದಕ್ಕೆ ತೂಕ ಇದೆ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

"ಅಮ್ಮನಿಗೆ ಮರೆವು ಜಾಸ್ತಿ ಆಗಿದೆ" ಎಂಬ ಸಾಲಿನಿಂದ ಡಾಕ್ಟರಿಗೆ ಏನೂ ಉಪಯೋಗವಿಲ್ಲ. ಏನಾಯಿತು, ಯಾವಾಗ, ಮೊದಲು ಹೇಗಿದ್ದರು ಎಂಬ ಮೂರೂ ಬೇಕು. ನನ್ನ ನೋಟ್‌ಬುಕ್ಕಿನಿಂದ ಎರಡು ಸಾಲು:

"ಮಂಗಳವಾರ. ಗ್ಯಾಸ್ ಹಚ್ಚಿ ಹಾಲಿಟ್ಟು ದೇವರ ಮನೆಗೆ ಹೋದರು. ಹೊಗೆ ಬಂದಾಗ ನಾನು ಆರಿಸಿದೆ. ಹಾಲಿಟ್ಟಿದ್ದೇ ನೆನಪಿಲ್ಲ, ನೀನೇ ಇಟ್ಟಿದ್ದು ಎಂದರು. ಈ ತಿಂಗಳಲ್ಲಿ ಎರಡನೇ ಸಲ. ಮೊದಲು ಹೀಗೆ ಆಗಿಲ್ಲ."

"ಶುಕ್ರವಾರ. ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿ ಹೂವಿನವಳ ಹತ್ತಿರ ನಿಂತಿದ್ದರು. ಇದೇ ದಾರಿಯಲ್ಲಿ 20 ವರ್ಷದಿಂದ ಹೋಗುತ್ತಿದ್ದಾರೆ."

ಕೋಪ, ಬೇಜಾರು ಬರೆಯಬೇಡಿ. "ಬೇಕಂತಲೇ ಮಾಡ್ತಾರೆ" ಎಂದು ನಾನು ಒಂದೆರಡು ಕಡೆ ಬರೆದಿದ್ದೆ. ಈಗ ನೋಡಿದರೆ ನಾಚಿಕೆಯಾಗುತ್ತದೆ. ದಿನಾ ಬರೆಯಬೇಕೆಂದೂ ಇಲ್ಲ. ನಾಲ್ಕರಿಂದ ಆರು ವಾರದ ಹತ್ತು ಹದಿನೈದು ಘಟನೆ ಸಾಕು. ಹಿರಿಯರ ಕೈಗೆ ಸಿಗುವ ಜಾಗದಲ್ಲಂತೂ ಇಡಬೇಡಿ.

ಮಾಮೂಲಿ ಮರೆವಿಗೂ ಇದಕ್ಕೂ ಗಡಿ ಎಲ್ಲಿ? ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಕನ್ನಡಕ ಫ್ರಿಡ್ಜಿನಲ್ಲಿ ಸಿಕ್ಕಿ, ಕೆಲಸದವಳು ಕದ್ದು ಅಲ್ಲಿಟ್ಟಳು ಎನ್ನುವುದು ಬೇರೆ. ನೆಂಟರ ಹೆಸರು ನಾಲಿಗೆ ತುದಿಯಲ್ಲಿ ನಿಂತು ಸಂಜೆಗೆ ನೆನಪಾಗುವುದು ವಯಸ್ಸು. ಮೊನ್ನೆ ಅವರ ಮನೆಯ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬಂದದ್ದೇ ನೆನಪಿಲ್ಲದಿರುವುದು ವಯಸ್ಸಲ್ಲ. ನೆನಪಿಸಿದ ಮೇಲೂ "ಓ ಹೌದಲ್ಲ" ಎನ್ನದಿದ್ದರೆ ಅದನ್ನು ಬರೆದುಕೊಳ್ಳಿ.

ಮರೆವೊಂದನ್ನೇ ನೋಡಬೇಡಿ. ಕೆಲವರಲ್ಲಿ ನೆನಪು ಸರಿಯಾಗೇ ಇದ್ದು ಸ್ವಭಾವ ಬದಲಾಗುತ್ತದೆ. ಮೆತ್ತಗಿದ್ದವರು ಮದುವೆ ಮನೆಯಲ್ಲಿ ಯಾರಿಗೋ ಕೆಟ್ಟ ಮಾತಾಡುತ್ತಾರೆ. ಸಿಹಿ ಕಂಡರೆ ಬಿಡುವುದಿಲ್ಲ. ಮನೆಯವರಿಗೆ ಹುಷಾರಿಲ್ಲದಿದ್ದರೂ ಕ್ಯಾರೇ ಅನ್ನುವುದಿಲ್ಲ. ಫ್ರಂಟೋಟೆಂಪೊರಲ್ ಎಂಬ ಈ ಬಗೆ 65ಕ್ಕಿಂತ ಮೊದಲೇ ಬರುವುದೂ ಉಂಟು. ಊರವರು ಕಾಯಿಲೆ ಎನ್ನುವುದಿಲ್ಲ, ಬುದ್ಧಿ ಕೆಟ್ಟಿತು ಎನ್ನುತ್ತಾರೆ. ಇನ್ನು ಕೆಲವರಿಗೆ ಮನೆಯೊಳಗೆ ಮಕ್ಕಳು, ಬೆಕ್ಕು, ಅಪರಿಚಿತರು ಕಾಣುತ್ತಾರೆ. ನಿದ್ದೆಯಲ್ಲಿ ಕೈಕಾಲು ಬೀಸುತ್ತಾರೆ. ಒಂದು ದಿನ ಚುರುಕು, ಮರುದಿನ ಮಂಕು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ ಮನೆಗಳನ್ನು ನೋಡಿದ್ದೇನೆ. ಇದು ಲೆವಿ ಬಾಡಿ ಎಂಬ ಬಗೆ ಇರಬಹುದು. ಡಾಕ್ಟರಿಗೆ ಇದನ್ನು ಹೇಳಲೇಬೇಕು, ಏಕೆಂದರೆ ಭ್ರಮೆಗೆ ಸಾಮಾನ್ಯವಾಗಿ ಕೊಡುವ ಹಾಲೊಪೆರಿಡಾಲ್‌ನಂಥ ಮಾತ್ರೆ ಇವರಿಗೆ ತುಂಬಾ ಅಪಾಯ ಮಾಡಬಹುದು.

ಎಂಟು ಪ್ರಶ್ನೆ

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2005ರಲ್ಲಿ ಎಡಿ8 ಎಂಬ ಪುಟ್ಟ ಪ್ರಶ್ನಾವಳಿ ಪ್ರಕಟಿಸಿದರು. ಮನೆಯವರು ಮೂರು ನಿಮಿಷದಲ್ಲಿ ಉತ್ತರಿಸಬಹುದು. ಅದು ಕೇಳುವ ಸಂಗತಿಗಳನ್ನು ನಮ್ಮ ಮನೆಗಳಿಗೆ ಹೊಂದುವ ಹಾಗೆ ನನ್ನ ಮಾತಿನಲ್ಲಿ ಬರೆಯುತ್ತೇನೆ. ಇದು ಆಸ್ಪತ್ರೆಯ ಫಾರಂ ಅಲ್ಲ, ಮನೆಯಲ್ಲಿ ಯೋಚಿಸಲು ಮಾತ್ರ. ಒಂದೊಂದಕ್ಕೂ "ಕಳೆದ ಕೆಲವು ವರ್ಷಗಳಲ್ಲಿ ಬದಲಾಗಿದೆಯಾ?" ಎಂದು ಕೇಳಿಕೊಳ್ಳಿ.

1. ತೀರ್ಮಾನ ತಗೊಳ್ಳುವುದು. ಹಿಂದೆ ಹುಷಾರಾಗಿದ್ದವರು ಈಗ ಯಾರೋ ಫೋನ್ ಮಾಡಿದರೆ ಓಟಿಪಿ ಹೇಳುತ್ತಾರಾ? ಮನೆ ಬಾಗಿಲಿಗೆ ಬಂದವರಿಗೆಲ್ಲ ದುಡ್ಡು ಕೊಡುತ್ತಾರಾ?

2. ಆಸಕ್ತಿ. ರಂಗೋಲಿ, ಭಜನೆ, ತೋಟ, ಪೇಪರ್, ಸಂಜೆಯ ಕಟ್ಟೆ ಹರಟೆ ಸದ್ದಿಲ್ಲದೆ ನಿಂತು ಹೋಯಿತಾ?

3. ಹೇಳಿದ್ದನ್ನೇ ಹೇಳುವುದು. ಹಳೆಯ ಕಥೆಯನ್ನು ನೂರು ಸಲ ಹೇಳುವುದು ಅಜ್ಜಂದಿರ ಹಕ್ಕು, ಅದನ್ನು ಲೆಕ್ಕಕ್ಕೆ ಇಡಬೇಡಿ. ಅರ್ಧ ಗಂಟೆಯಲ್ಲಿ ಮೂರು ಸಲ "ಇವತ್ತು ಯಾವಾಗ ಬರ್ತಾರೆ?" ಎಂದು ಕೇಳಿದರೆ ಇಡಿ.

4. ಸಾಮಾನು ಬಳಸುವುದು. ಹೊಸ ಮೊಬೈಲ್ ಬಾರದಿದ್ದರೆ ಪರವಾಗಿಲ್ಲ, ನನಗೂ ಬರುವುದಿಲ್ಲ. ಹತ್ತು ವರ್ಷದಿಂದ ಬಳಸಿದ ಮಿಕ್ಸಿ, ಕುಕ್ಕರ್, ಟಿವಿ ರಿಮೋಟ್ ತಡಕಾಡುವಂತಾಗಿದೆಯಾ?

5. ತಿಂಗಳು, ವರ್ಷ. ಇಂಗ್ಲಿಷ್ ತಾರೀಖು ಕೇಳಬೇಡಿ. ಏಕಾದಶಿ ಯಾವತ್ತು ಎಂದು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವರಿಗೆ ಈಗ ಯುಗಾದಿ ಬಂತಾ ಹೋಯಿತಾ ಎಂದು ತಿಳಿಯದಿದ್ದರೆ ಅದು ಬದಲಾವಣೆ.

6. ದುಡ್ಡಿನ ಲೆಕ್ಕ. ಪೆನ್ಷನ್, ಚೀಟಿ, ಸಂಘದ ಕಂತು, ಕರೆಂಟ್ ಬಿಲ್. ಬಹಳ ಮನೆಗಳಲ್ಲಿ ಮೊದಲು ಸೋರುವುದು ಇಲ್ಲೇ.

7. ಹೇಳಿದ ದಿನ, ಹೇಳಿದ ಹೊತ್ತು. ಡಾಕ್ಟರ ಅಪಾಯಿಂಟ್‌ಮೆಂಟ್, ಮದುವೆಗೆ ಹೊರಡುವುದು, ಮಾತ್ರೆ ತಗೊಳ್ಳುವುದು.

8. ದಿನವೂ ಯೋಚನೆ ಅಥವಾ ನೆನಪಿನ ತೊಂದರೆ ಇದೆಯಾ, ಅಥವಾ ಅಪರೂಪಕ್ಕೊಮ್ಮೆಯಾ?

"ಹೌದು, ಬದಲಾಗಿದೆ" ಎನ್ನುವುದಕ್ಕೆ ಒಂದು ಅಂಕ. ಮಂಡಿ ನೋವಿನಿಂದ ಕಟ್ಟೆಗೆ ಹೋಗುವುದು ನಿಂತಿದ್ದರೆ ಅಂಕ ಕೊಡಬೇಡಿ. ಬದಲಾವಣೆ ಯೋಚನೆ ಅಥವಾ ನೆನಪಿನಿಂದಲೇ ಬಂದಿರಬೇಕು. ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೇ ಅರ್ಥ. ಎಂಟಕ್ಕೆ ಎಂಟು ಬಂದರೂ ಅದು ಕಾಯಿಲೆಯ ಹೆಸರಲ್ಲ. ಸೊನ್ನೆ ಬಂದು ನಿಮ್ಮ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೂ ಹೋಗಿ ಬನ್ನಿ.

ಮಾಡಲೇಬಾರದ್ದು ಒಂದಿದೆ. ಮನೆಯಲ್ಲಿ ಪರೀಕ್ಷೆ ಇಡಬೇಡಿ. "ಅಜ್ಜಿ, ಇವನು ಯಾರು ಹೇಳು ನೋಡೋಣ" ಎಂದು ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸುವುದು, ನೆಂಟರ ಎದುರು ಪ್ರಧಾನಮಂತ್ರಿ ಯಾರು ಎಂದು ಕೇಳುವುದು. ನಮ್ಮನೆಯಲ್ಲೂ ಒಂದು ಸಲ ನಡೆಯಿತು. ಅತ್ತೆ ಎದ್ದು ಒಳಗೆ ಹೋದವರು ಅವತ್ತು ರಾತ್ರಿ ಊಟ ಮಾಡಲಿಲ್ಲ. ಆಮೇಲೆ ಎರಡು ತಿಂಗಳು ಆಸ್ಪತ್ರೆಯ ಮಾತೆತ್ತಿದರೆ ಸಾಕು, ಮುಖ ತಿರುಗಿಸುತ್ತಿದ್ದರು. ಮನೆಯಲ್ಲೇ ಅಭ್ಯಾಸ ಮಾಡಿಸಿದರೆ ಆಸ್ಪತ್ರೆಯ ಪರೀಕ್ಷೆಯೂ ಕೆಡುತ್ತದೆ, ಅದು ಬೇರೆ. ವಾಟ್ಸ್ಆ್ಯಪ್‌ನಲ್ಲಿ ಬರುವ "ಈ ಚಿತ್ರದಲ್ಲಿ ಎಷ್ಟು ಮುಖ ಇವೆ" ಎಂಬ ಪರೀಕ್ಷೆಗಳ ಬಗ್ಗೆ ಹೇಳುವುದೇ ಬೇಡ.

ಮರೆಗುಳಿ ಕಾಯಿಲೆಯ ವೇಷ ಹಾಕುವವು

ಮರೆವಿಗೆ ಬೇರೆ ಕಾರಣಗಳೂ ಇರುತ್ತವೆ, ಅವುಗಳಲ್ಲಿ ಕೆಲವು ಪೂರ್ತಿ ವಾಸಿಯಾಗುತ್ತವೆ. ತಪಾಸಣೆಗೆ ಬೇಗ ಹೋಗಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಮೊದಲು ಕಿವಿ. ಕೇಳಿಸದಿದ್ದವರು ಉತ್ತರ ತಪ್ಪು ಹೇಳುತ್ತಾರೆ, ನಾವು ಮರೆತರು ಎನ್ನುತ್ತೇವೆ. ಕಿವಿಯ ಮೇಣ ತೆಗೆಸಿ, ಕಿವಿ ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆಯೂ ಹಾಗೇ.

ಆಮೇಲೆ ಮಾತ್ರೆ ಡಬ್ಬಿ. ನಿದ್ದೆಗೆಂದು ವರ್ಷಗಟ್ಟಲೆ ತಗೊಳ್ಳುವ ಆಲ್ಪ್ರಜೋಲಾಂ, ಕ್ಲೋನಾಜೆಪಾಂ, ಶೀತಕ್ಕೆ ಅಂಗಡಿಯಿಂದ ತರುವ ಹಳೆಯ ಅಲರ್ಜಿ ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆ, ಅಮಿಟ್ರಿಪ್ಟಿಲಿನ್. ಇವೆಲ್ಲ ಹಿರಿಯರ ತಲೆಯನ್ನು ಮಂಕು ಮಾಡುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಕೂಡ ಬರಬಹುದು. ಡಬ್ಬಿಯನ್ನು ಹಾಗೇ ಡಾಕ್ಟರ ಮುಂದೆ ಇಡಿ. ನಾಟಿ ಔಷಧಿ, ಕಷಾಯದ ಬಾಟಲಿಯನ್ನೂ ಸೇರಿಸಿ.

ಬಿ12 ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮಾಮೂಲು. ಶುಗರ್‌ಗೆ ಮೆಟ್ಫಾರ್ಮಿನ್, ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್ ಬಹಳ ವರ್ಷ ತಗೊಂಡವರಿಗೆ ಇನ್ನೂ ಜಾಸ್ತಿ. ಥೈರಾಯ್ಡ್ ಕಡಿಮೆ ಆದರೂ ಮಂಕು ಬರುತ್ತದೆ. ಎರಡೂ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತವೆ.

ಖಿನ್ನತೆಯನ್ನು ಗುರುತಿಸುವುದು ಕಷ್ಟ. ಸಾಮಾನ್ಯವಾಗಿ ಖಿನ್ನತೆ ಇರುವವರು ತಾವೇ "ನಂಗೇನೂ ನೆನಪಿರಲ್ಲ, ನಾನಿನ್ನು ಯಾಕಿರಬೇಕು" ಎಂದು ಗೋಳಾಡುತ್ತಾರೆ. ಡಿಮೆನ್ಶಿಯಾ ಇರುವವರ ವಿಷಯದಲ್ಲಿ ಎಷ್ಟೋ ಸಲ ದೂರು ಹೇಳುವುದು ಮನೆಯವರು, ಅವರು "ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ" ಎನ್ನುತ್ತಾರೆ. ಇದು ಕಟ್ಟುನಿಟ್ಟಾದ ನಿಯಮ ಅಲ್ಲ. ಎರಡೂ ಒಟ್ಟಿಗೆ ಇರಬಹುದು. ಸಾಯುವ ಮಾತಾಡಿದರೆ ಹಗುರವಾಗಿ ತಗೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮರೆವಿನ ಜೊತೆಗೆ ಕಾಲು ನೆಲಕ್ಕೆ ಅಂಟಿದ ಹಾಗೆ ನಡಿಗೆ, ಮೂತ್ರ ತಡೆಯಲಾಗದಿರುವುದು ಎರಡೂ ಸೇರಿದರೆ ಅದನ್ನು ದೊಡ್ಡದಾಗಿ ಬರೆದುಕೊಳ್ಳಿ. ಮೆದುಳಿನಲ್ಲಿ ನೀರು ಸೇರುವ ಒಂದು ತೊಂದರೆ ಹೀಗಿರುತ್ತದೆ. ಆಪರೇಷನ್‌ನಿಂದ ಕೆಲವರು ಚೆನ್ನಾಗಿ ಸುಧಾರಿಸುತ್ತಾರೆ. ಮೂತ್ರದ ವಿಷಯ ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರಿಗೆ ಸುಳಿವೇ ಸಿಗುವುದಿಲ್ಲ.

ಒಪ್ಪಿಸಿ ಕರೆದುಕೊಂಡು ಹೋಗುವುದು

ಬಹಳ ಜನ ಇಲ್ಲೇ ಸೋಲುತ್ತಾರೆ. "ನನಗೆ ಹುಚ್ಚು ಅಂತೀರಾ?" ಎಂದು ಕೇಳಿದರೆ ಏನು ಹೇಳುವುದು? ಕೆಲವು ಅನುವಾದಗಳಲ್ಲಿ ಡಿಮೆನ್ಶಿಯಾಗೆ ಬುದ್ಧಿಮಾಂದ್ಯತೆ ಎಂದು ಬರೆದಿರುತ್ತಾರೆ. ಆ ಪದವನ್ನು ಹಿರಿಯರ ಕಿವಿಗೆ ಹಾಕಬೇಡಿ. ನಮಗೆ ಅದರ ಅರ್ಥವೇ ಬೇರೆ. ಮರೆಗುಳಿ ಕಾಯಿಲೆ ಎಂಬ ಮಾತನ್ನೂ ಮೊದಲ ದಿನವೇ ಎತ್ತಬೇಕಿಲ್ಲ.

ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ನನಗೆ ಇಷ್ಟವಿಲ್ಲ. ಗೊತ್ತಾದರೆ ಮುಂದೆ ನಿಮ್ಮನ್ನೇ ನಂಬುವುದಿಲ್ಲ. ಅರ್ಧ ನಿಜ ಸಾಕು. "ಬಿಪಿ, ಶುಗರ್ ನೋಡಿಸಿ ಬಹಳ ದಿನ ಆಯ್ತು. ಹೋಗೋಣ, ಜೊತೆಗೆ ಮರೆವಿಗೂ ಒಂದು ಮಾತು ಕೇಳೋಣ." ಮಗನ ಮಾತು ಕೇಳದವರು ಅಳಿಯನ ಮಾತು ಕೇಳುತ್ತಾರೆ. ಅಳಿಯನ ಮಾತು ಕೇಳದವರು 20 ವರ್ಷದಿಂದ ನೋಡುತ್ತಿರುವ ಊರಿನ ಡಾಕ್ಟರ ಮಾತು ಕೇಳುತ್ತಾರೆ. ಅವರಿಂದಲೇ ಹೇಳಿಸಿ. ಬೆಳಗಿನ ಹೊತ್ತು ಆರಿಸಿಕೊಳ್ಳಿ. ಸಂಜೆಯಾದರೆ ಗೊಂದಲ ಹೆಚ್ಚು. ಕನ್ನಡಕ, ಕಿವಿಯ ಮಷಿನ್ ಮರೆಯಬೇಡಿ.

ನೋಟ್‌ಬುಕ್ಕಿನ ಸಾರವನ್ನು ಒಂದು ಪುಟದಲ್ಲಿ ಬರೆಯಿರಿ. ಯಾವಾಗ ಶುರು, ಮೊದಲು ಕಂಡದ್ದೇನು, ಈಗ ಯಾವ ಕೆಲಸ ಆಗುತ್ತಿಲ್ಲ, ಬೇರೆ ಕಾಯಿಲೆಗಳು, ಮನೆತನದಲ್ಲಿ ಯಾರಿಗಾದರೂ ಇತ್ತೇ, ಕುಡಿತ ಇದೆಯೇ, ಎಷ್ಟು ಓದಿದ್ದಾರೆ. ಕೊನೆಯದ್ದು ಮುಖ್ಯ, ಪರೀಕ್ಷೆಯ ಅಂಕವನ್ನು ಅದರ ಮೇಲೆಯೇ ತೂಗುತ್ತಾರೆ. ಆ ಪುಟವನ್ನು ಒಳಗೆ ಹೋಗುವ ಮೊದಲೇ ಕೊಟ್ಟುಬಿಡಿ. ಹಿರಿಯರ ಎದುರು ದೂರು ಹೇಳುವುದು ತಪ್ಪುತ್ತದೆ. ನಾನು ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದು ಇದೇ ಮುಜುಗರಕ್ಕೆ. "ಎರಡು ನಿಮಿಷ ಬೇರೆ ಮಾತಾಡಬಹುದಾ?" ಎಂದು ಕೇಳಲು ಸಂಕೋಚ ಬೇಡ.

ಒಳಗೆ ಡಾಕ್ಟರು ಹಿರಿಯರನ್ನು ಪ್ರಶ್ನೆ ಕೇಳುವಾಗ ನೀವು ಉತ್ತರ ಹೇಳಬೇಡಿ. ಅವರು ನಿಮ್ಮ ಕಡೆ ತಿರುಗಿ "ನೀನೇ ಹೇಳಮ್ಮ" ಎನ್ನುತ್ತಾರೆ, ಹಾಗೆ ತಿರುಗುವುದನ್ನೂ ಡಾಕ್ಟರು ಗಮನಿಸುತ್ತಿರುತ್ತಾರೆ.

ಎಲ್ಲಿಗೆ ಹೋಗುವುದು, ಅಲ್ಲೇನು ಮಾಡುತ್ತಾರೆ

ಹತ್ತಿರದ ಫಿಸಿಶಿಯನ್‌ರಿಂದ ಶುರು ಮಾಡಿ. ರಕ್ತ ಪರೀಕ್ಷೆಗಳು ಅಲ್ಲೇ ಆಗುತ್ತವೆ. ಮುಂದೆ ನರರೋಗ ತಜ್ಞರು ಅಥವಾ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಬ್ಬರೂ ಇದ್ದಾರೆ, ಆದರೆ ಎಲ್ಲರೂ ಮೊದಲೇ ಅಲ್ಲಿಗೆ ಓಡಬೇಕಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದವು. ಜಯನಗರದ ಜನರಲ್ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗಳಲ್ಲಿ ಮೊದಲು ಬ್ರೈನ್ ಹೆಲ್ತ್ ಕ್ಲಿನಿಕ್ ಬಂದವು, ಆಮೇಲೆ ಬೇರೆ ಜಿಲ್ಲೆಗಳ ಕಡೆಗೂ ಹರಡಿತು. ನಿಮ್ಮ ಜಿಲ್ಲಾಸ್ಪತ್ರೆಗೆ ಹೋಗಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆ ಈ ಕಾಯಿಲೆ ಇರುವ ಮನೆಗಳಿಗೆ ನೆರವಾಗುವ ಕೆಲಸ ಮಾಡುತ್ತವೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಅಲ್ಲಿ ನಡೆಯುವ ನೆನಪಿನ ಪರೀಕ್ಷೆಯನ್ನು ಅವರ ಮಾತೃಭಾಷೆಯಲ್ಲೇ ಮಾಡಿ ಎಂದು ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೂಪಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಆಡುವವರು ಅದನ್ನು ಮೊದಲೇ ಹೇಳಬೇಕು. ಜೊತೆಗೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್. ಸ್ಕ್ಯಾನ್ ಒಂದರಿಂದಲೇ ಕಾಯಿಲೆ ಹೌದು ಅಲ್ಲ ಎಂದು ತೀರ್ಮಾನ ಆಗುವುದಿಲ್ಲ. "ವಯಸ್ಸಿಗೆ ತಕ್ಕ ಕುಗ್ಗುವಿಕೆ" ಎಂದು ರಿಪೋರ್ಟಿನಲ್ಲಿ ಬರೆದದ್ದನ್ನು ಓದಿ ಹೆದರಬೇಡಿ, ಸಮಾಧಾನವನ್ನೂ ಪಡಬೇಡಿ.

ಉತ್ತರ ಮೂರು ಥರ ಬರಬಹುದು. ಏನೂ ಇಲ್ಲ ಎನ್ನಬಹುದು. ಡಿಮೆನ್ಶಿಯಾ ಎನ್ನಬಹುದು. ಇವೆರಡರ ನಡುವೆ, ನೆನಪು ಕುಗ್ಗಿದೆ ಆದರೆ ದಿನದ ಕೆಲಸ ನಡೆಯುತ್ತಿದೆ ಎಂಬ ಹಂತ. ಅದಕ್ಕೆ ಎಂಸಿಐ ಎನ್ನುತ್ತಾರೆ. ಈ ಹಂತದವರಲ್ಲಿ ಕೆಲವರು ಮುಂದೆ ಡಿಮೆನ್ಶಿಯಾಗೆ ಜಾರುತ್ತಾರೆ, ಕೆಲವರು ಹಾಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ಯಾವ ಉತ್ತರ ಬಂದರೂ ಮತ್ತೆ ಯಾವಾಗ ಬರಬೇಕು ಎಂದು ಕೇಳಿಕೊಂಡೇ ಹೊರಗೆ ಬನ್ನಿ. ನಮ್ಮ ಮೊದಲ ಡಾಕ್ಟರ ಹತ್ತಿರ ನಾನು ಕೇಳದೇ ಬಂದದ್ದು ಇದನ್ನೇ.

ಅತ್ತೆಗೆ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಕಾಲಿನ ಜೋಮು ಹೋಯಿತು, ಮುಖದಲ್ಲಿ ಗೆಲುವು ಬಂತು. ಮರೆವು ಪೂರ್ತಿ ಹೋಗಲಿಲ್ಲ. ಆಲ್ಝೈಮರ್‌ನ ಮೊದಲ ಹಂತ ಎಂದರು. ಗ್ಯಾಸ್‌ಗೆ ಈಗ ರಾತ್ರಿ ಹೊತ್ತು ಮೇನ್ ವಾಲ್ವ್ ಮುಚ್ಚುತ್ತೇವೆ. ಹಾಲಿನ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಇದೆ, ದುಡ್ಡು ಕೊಟ್ಟ ದಿನ ಅತ್ತೆಯೇ ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತಾರೆ, ಮೇಷ್ಟರ ಕೈಯಲ್ಲವೇ. ಆರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತೇವೆ. ನೋಟ್‌ಬುಕ್ ಈಗ ಎರಡನೆಯದು. ಒಂದು ವಾರ ನಾನು ಬರೆಯುತ್ತೇನೆ, ಒಂದು ವಾರ ನನ್ನ ಯಜಮಾನರು. ಅವರ ಅಕ್ಷರ ಡಾಕ್ಟರಿಗೆ ಓದಲು ಬರುವುದಿಲ್ಲ, ಅದೊಂದು ತೊಂದರೆ.